ಕೊಬ್ಬರಿಗೆ ಹೊಗೆ, ಅಕ್ಕನಿಗೆ ಗ್ಯಾಸು

ಗುಜರಿಯವನ ಆಟೋ ನಮ್ಮೂರ ಬೀದಿಗೆ ಬಂತೆಂದರೆ ನನಗೆ ಹಬ್ಬ. ಹೊಸ ಸಾಮಾನು ತರುವುದರಲ್ಲಿ ಇಲ್ಲದ ಸುಖ ಹಳೆಯದನ್ನು ಆಚೆಗೆ ಹಾಕುವುದರಲ್ಲಿದೆ ಎಂದು ನಂಬಿಕೊಂಡವಳು ನಾನು. ನಮ್ಮ ಮನೆಯವರು ಇದಕ್ಕೆ ಪೂರ್ತಿ ವಿರುದ್ಧ. ಸುಟ್ಟುಹೋದ ಮೋಟಾರು, ತೂತು ಬಿದ್ದ ಕೊಡಪಾನ, ಹಿಡಿ ಮುರಿದ ಗುದ್ದಲಿ, ಒಂದು ಕಾಲು ಕಳೆದುಕೊಂಡ ಕುರ್ಚಿ, ಎಲ್ಲವೂ ನಮ್ಮ ತೋಟದ ಶೆಡ್ಡಿನಲ್ಲಿ ಸುಖವಾಗಿವೆ. "ಇರ್ಲಿ ಬುಡು, ಯಾವ್ದಕ್ಕಾದ್ರೂ ಆಯ್ತದೆ" ಎನ್ನುತ್ತಾರೆ. ಯಾವುದಕ್ಕೂ ಆದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಅವರು ತಿಪಟೂರಿಗೆ ಹೋದ ದಿನ ನೋಡಿಕೊಂಡೇ ನಾನು ಗುಜರಿಯವನಿಗೆ ಕೂಗು ಹಾಕುವುದು.

ಹೋದ ತಿಂಗಳು ಹಾಗೆ ಕೂಗಿ, ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಯೂರಿಯಾ ಚೀಲಗಳ ಅಡಿಯಿಂದ ಕಬ್ಬಿಣದ ಪೆಟ್ಟಿಗೆಯಂಥದ್ದೊಂದನ್ನು ಇಬ್ಬರೂ ಸೇರಿ ಎಳೆದು ಹಾಕಿದೆವು. ಅವನು ತಕ್ಕಡಿಯ ಕೊಕ್ಕೆ ಸಿಕ್ಕಿಸುತ್ತಿದ್ದ. ಅಷ್ಟರಲ್ಲಿ, ಕನ್ನಡಕ ಮರೆತು ಹೋಗಿದ್ದ ನಮ್ಮ ಮನೆಯವರು ಬಸ್ಸಿಗೆ ನಿಂತಿದ್ದವರು ವಾಪಸು ಬಂದರು. ಕನ್ನಡಕ ಇಲ್ಲದಿದ್ದರೂ ಆ ಪೆಟ್ಟಿಗೆ ಅವರಿಗೆ ಸ್ಪಷ್ಟವಾಗಿ ಕಂಡಿತು.

"ಅಯ್ಯಯ್ಯೋ, ಇದು ಅತ್ತಿಗೆ ಒಲೆ ಅಲ್ಲೇನೇ!"

ಅವರ ಮುಖ ಅರಳಿದ ರೀತಿಯನ್ನು ನೀವು ನೋಡಬೇಕಿತ್ತು. ನನ್ನನ್ನು ಹೆಣ್ಣು ನೋಡಲು ಬಂದಿದ್ದಾಗ ಇದೇ ಮುಖವನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆಗ ಇದರ ಕಾಲುಭಾಗವೂ ಅರಳಿರಲಿಲ್ಲ. ಈಗ ಮೊಣಕಾಲೂರಿ ಕೂತು, ಹೆಗಲ ಮೇಲಿದ್ದ ಬಿಳಿ ಟವೆಲಿನಿಂದ ಒಲೆಯ ಧೂಳು ಒರೆಸತೊಡಗಿದರು. ಆ ಟವೆಲನ್ನು ಬೆಳಿಗ್ಗೆಯಷ್ಟೇ ಒಗೆದು ಮಡಿಸಿಟ್ಟವಳು ಪಕ್ಕದಲ್ಲೇ ನಿಂತಿದ್ದಾಳೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

"ಇದ್ನ ಗುಜರಿಗೆ ಹಾಕ್ತೀಯಾ? ಮಾಡ್ಸುದ್ರೆ ಹೊಸದ್ರಂಗೆ ಆಯ್ತದೆ ಕಣೆ. ಈಗಿನ ಕಾಲ್ದಾಗೆ ಇಂಥ ಮಾಲು ಎಲ್ಲಿ ಸಿಗ್ತದೆ?"

"ಇಲಿ ಗೂಡು ಕಟ್ಕಂಡದೆ ಕಣ್ರೀ ಅದ್ರೊಳಗೆ."

"ಕಟ್ಕಳ್ಳಿ ಬುಡು, ತೆಗೆದ್ರಾಯ್ತು."

ಗುಜರಿಯವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಕುರ್ಚಿಯನ್ನಷ್ಟೇ ಎತ್ತಿಕೊಂಡು ಹೊರಟುಹೋದ. ಒಲೆ ಶೆಡ್ಡಿನಿಂದ ಜಗಲಿಗೆ ಬಂತು. ಜೊತೆಗೆ ಎಷ್ಟೋ ವರ್ಷದಿಂದ ತಣ್ಣಗಿದ್ದ ನನ್ನ ಹೊಟ್ಟೆಕಿಚ್ಚೂ ಎದ್ದು ಕೂತಿತು.

ಸರೋಜಕ್ಕ ನನ್ನ ವಾರಗಿತ್ತಿ, ನಮ್ಮ ಭಾವನವರ ಹೆಂಡತಿ. ನಾನು ಈ ಮನೆಗೆ ಬರುವುದಕ್ಕೆ ಎರಡು ವರ್ಷ ಮೊದಲು ಅವರು ಸೊಸೆಯಾಗಿ ಬಂದಿದ್ದರು. ಬರುವಾಗ ತವರಿನಿಂದ ಈ ಒಲೆಯನ್ನು ತಂದರು. ಅವರ ಅಪ್ಪ ಅರಸೀಕೆರೆಯಲ್ಲಿ ವ್ಯಾಪಾರಸ್ಥರು. ಸಕಲೇಶಪುರದ ಕಡೆ ಯಾವುದೋ ಎಸ್ಟೇಟಿನ ಬಂಗಲೆಯ ಸಾಮಾನು ಹರಾಜಾದಾಗ ಮಗಳಿಗೆಂದು ಕೂಗಿ ಕೊಂಡುಕೊಂಡಿದ್ದರಂತೆ. ಗ್ಯಾಸಿನ ಒಲೆ, ಆಗಲೇ ಹಳೆಯದು, ಆದರೆ ಎಂಥ ಹಳೆಯದು! ಭಾರಿ ಎರಕದ ಕಬ್ಬಿಣ, ಮೈಗೆಲ್ಲ ಹಾಲಿನ ಬಣ್ಣದ ಪಿಂಗಾಣಿ ಲೇಪ, ಸಾಲಾಗಿ ಹಿತ್ತಾಳೆಯ ತಿರುಗಣೆಗಳು. ಮೇಲೆ ಎರಡು ಉರಿ, ಕೆಳಗೆ ಒಂದು ಗೂಡು. ಆ ಗೂಡಿನಲ್ಲೇ ಅದರ ಮಹಿಮೆ ಇದ್ದದ್ದು. ಗೂಡಿನ ಸೂರಿನಲ್ಲಿ ಉರಿ ಹತ್ತಿ, ಕೆಳಮುಖವಾಗಿ ಕೆಂಪಗೆ ಕಾಯುತ್ತಿತ್ತು. ಅಡಿಯಲ್ಲಿ ಸರಳಿನ ತಟ್ಟೆ. ತಟ್ಟೆಯ ಮೇಲೆ ಏನಿಟ್ಟರೂ ಸುಟ್ಟು ಹದವಾಗುತ್ತಿತ್ತು. ಅದಕ್ಕೆ ಗ್ರಿಲ್ಲು ಎನ್ನಬೇಕೆಂದು ಭಾವ ಎಲ್ಲರಿಗೂ ಕಲಿಸಿದರು. ನಮ್ಮ ಅತ್ತೆ ಮಾತ್ರ ಕೊನೆಯವರೆಗೂ "ಸುಡೋ ಗೂಡು" ಎಂದೇ ಕರೆದರು. ಮೊದಲ ದಿನ ಅದರ ಮುಂದೆ ಬಗ್ಗಿ ನೋಡಿ, "ಇದೇನವ್ವ, ಬೆಂಕಿ ಕೆಳೀಕ್ ಉರಿತದೆ!" ಎಂದು ಎದೆ ಮೇಲೆ ಕೈ ಇಟ್ಟುಕೊಂಡಿದ್ದರಂತೆ.

ನಾನು ತವರಿನಿಂದ ತಂದದ್ದು ಒಂದು ಒರಳುಕಲ್ಲು. ನಮ್ಮ ಹುಳಿಯಾರಿನ ಕಡೆ ಕಲ್ಲಿಗೇನೂ ಬರವಿಲ್ಲ. ಅದನ್ನು ನೋಡಲು ಯಾರೂ ಬಗ್ಗಲಿಲ್ಲ.

ಹೊಟ್ಟೆಕಿಚ್ಚು ನನಗೆ ಮದುವೆಯಾದ ಮೇಲೆ ಬಂದ ಕಾಯಿಲೆ ಎಂದುಕೊಳ್ಳಬೇಡಿ. ಅದು ಹುಟ್ಟಿನಿಂದ ಬಂದದ್ದು. ನಾವು ಚಿಕ್ಕವರಿದ್ದಾಗ ಬ್ರೆಡ್ಡು ಎನ್ನುವುದು ಕಾಯಿಲೆಯವರ ಆಹಾರ. ಜ್ವರ ಬಂದರೆ ಮಾತ್ರ ಅಪ್ಪ ಹುಳಿಯಾರಿನ ಬೇಕರಿಯಿಂದ ಒಂದು ಪೌಂಡು ಬ್ರೆಡ್ಡು ತರುತ್ತಿದ್ದರು. ಮೇಣದ ಕಾಗದ ಸುತ್ತಿದ ಆ ಬ್ರೆಡ್ಡನ್ನು ಅಮ್ಮ ಬಿಸಿ ಹಾಲಿನಲ್ಲಿ ಅದ್ದಿ, ಜ್ವರ ಬಂದವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಿನ್ನಿಸುತ್ತಿದ್ದಳು. ನನ್ನ ತಂಗಿಗೆ ವರ್ಷವಿಡೀ ಜ್ವರ. ನನಗೆ ಬರುತ್ತಲೇ ಇರಲಿಲ್ಲ. ಬಿಸಿಲಲ್ಲಿ ನಿಂತೆ, ಬಾವಿಯ ತಣ್ಣೀರು ಸುರಿದುಕೊಂಡೆ, ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಕಾಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅದನ್ನೂ ಮಾಡಿದೆ. ಕೊನೆಗೆ ಈರುಳ್ಳಿ ವಾಸನೆ ಹೊಡೆಯುತ್ತಾ, ಕಲ್ಲುಗುಂಡಿನಂತೆ ಆರೋಗ್ಯವಾಗಿ, ಬಾಗಿಲಿಗೆ ಒರಗಿ ನಿಂತು ತಂಗಿ ಬ್ರೆಡ್ಡು ತಿನ್ನುವುದನ್ನು ನೋಡುತ್ತಿದ್ದೆ. "ಇವಳಿಗೇನು, ಗಟ್ಟಿಗಿತ್ತಿ" ಎನ್ನುತ್ತಿದ್ದಳು ಅಮ್ಮ. ಗಟ್ಟಿಗಿತ್ತಿಯರಿಗೆ ಬ್ರೆಡ್ಡು ಸಿಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಈ ಗಟ್ಟಿಗಿತ್ತಿಯನ್ನು ನೊಣವಿನಕೆರೆ ಪಕ್ಕದ ಈ ಊರಿಗೆ, ತೆಂಗಿನ ತೋಟದ ಮನೆಗೆ ಕೊಟ್ಟರು. ಬಂದ ಹೊಸತರಲ್ಲಿ ಮನೆಯಲ್ಲಿ ಗ್ಯಾಸಿನ ಒಲೆ ಇರುವುದು ಕಂಡು ನನಗೆ ಸಂತೋಷವೇ ಆಯಿತು. ಇನ್ನು ಮೇಲೆ ಊದುಕೊಳವೆ ಹಿಡಿಯಬೇಕಾಗಿಲ್ಲ ಎಂದುಕೊಂಡೆ. ಆ ಸಂತೋಷ ಒಂದು ಬೆಳಗಿನ ಮಟ್ಟಿಗೆ ಉಳಿಯಿತು.

ನಮ್ಮ ಮಾವ ಕೊಬ್ಬರಿ ಮನುಷ್ಯ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಎಂದು ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಬಲಿತ ಕಾಯಿಯನ್ನು ಒಡೆಯದೆ ಅಟ್ಟಕ್ಕೆ ಏರಿಸಿ, ವರ್ಷದ ಹತ್ತಿರ ಹಾಗೇ ಬಿಡಬೇಕು. ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಹಾಗೆ ಹಿಂಗುವುದಕ್ಕೆ ಅಟ್ಟದ ಕೆಳಗೆ ಸಣ್ಣಗೆ ಬೆಂಕಿ, ಸಣ್ಣಗೆ ಹೊಗೆ ಆಡುತ್ತಿರಬೇಕು ಎಂಬುದು ಮಾವನ ನಂಬಿಕೆ. ನಮ್ಮ ಮನೆಯ ಅಟ್ಟ ಇರುವುದು ಅಡುಗೆಮನೆಯ ಸೌದೆ ಒಲೆಯ ನೇರ ಮೇಲೆ. ಒಲೆ ಆರಿಸಿದರೆ ಕೊಬ್ಬರಿ ಕೆಟ್ಟಿತು ಎಂದೇ ಅವರ ಲೆಕ್ಕ.

ನಾನು ಬಂದ ಮಾರನೆಯ ದಿನ ಅವರು ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು. "ಗ್ಯಾಸ್ ಒಲೆ ದೊಡ್ಡವಳು ನೋಡ್ಕಳ್ಳಿ, ಅವ್ಳಿಗೆ ರೂಢಿ ಅದೆ. ಸೌದೆ ಒಲೆ ಚಿಕ್ಕವಳು ನೋಡ್ಕಳ್ಳಿ. ಕೊಬ್ಬರಿಗೆ ಹೊಗೆ ಬೇಕು ಕಣ್ರವ್ವ."

ಅಷ್ಟೇ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಅನ್ನ, ಸಾರು, ಪಲ್ಯ, ಕಾಫಿ ಸರೋಜಕ್ಕನಿಗೆ. ಮುದ್ದೆಯ ಎಸರು, ದನದ ಬೂಸಾ, ಮನೆಮಂದಿಯ ಸ್ನಾನದ ನೀರು ನನಗೆ. ಅವರು ಇಸ್ತ್ರಿ ಸೀರೆಯಲ್ಲಿ ನಿಂತುಕೊಂಡು ಬೆಂಕಿಕಡ್ಡಿ ಗೀರಿದರೆ ಶಂಖಪುಷ್ಪದ ಹಾಗೆ ನೀಲಿ ಉರಿ ಅರಳುತ್ತಿತ್ತು. ನಾನು ಮಣೆಯ ಮೇಲೆ ಕುಕ್ಕರಿಸಿ, ತೆಂಗಿನ ಮಟ್ಟೆ, ಚಿಪ್ಪು, ಸೋಗೆ ತುರುಕಿ ಊದುತ್ತಿದ್ದೆ. ಒಣಗಿದ ಚಿಪ್ಪು ಚೆನ್ನಾಗಿಯೇ ಉರಿಯುತ್ತದೆ. ಆದರೆ ಚೆನ್ನಾಗಿ ಉರಿದರೆ ಹೊಗೆ ಬರುವುದಿಲ್ಲವಲ್ಲ! ಅದಕ್ಕೆ ಮಾವ ಆಗಾಗ ಬಂದು, "ಹಸೀ ಮಟ್ಟೆ ಒಂದೆರಡು ಇಕ್ಕವ್ವ" ಎಂದು ಹೇಳಿ ಹೋಗುತ್ತಿದ್ದರು. ಎಲ್ಲ ಮನೆಗಳಲ್ಲೂ ಒಲೆ ಹೊಗೆಯುತ್ತದೆ ಎಂದು ಸೊಸೆಯರು ಬೈಸಿಕೊಳ್ಳುತ್ತಿದ್ದರೆ, ನಾನು ಹೊಗೆ ಸಾಲದು ಎಂದು ಬೈಸಿಕೊಳ್ಳುತ್ತಿದ್ದೆ.

ಸರೋಜಕ್ಕ ಜಂಭದವರಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಅವರು ಒಳ್ಳೆಯವರು. ಇದರಷ್ಟು ಕಷ್ಟ ಕೊಡುವ ಗುಣ ಇನ್ನೊಂದಿಲ್ಲ. "ಬಾ ಜಯಾ, ಇವತ್ತು ನೀನೇ ಹಚ್ಚು" ಎಂದು ಬೆಂಕಿಪೊಟ್ಟಣ ಕೈಗೆ ಕೊಡಲು ಬರುತ್ತಿದ್ದರು. ನನಗೋ ಹಚ್ಚಬೇಕೆಂದು ಜೀವ ತುದಿಗಾಲಲ್ಲಿ ನಿಂತಿರುತ್ತಿತ್ತು. ಆದರೆ ಅವರು ಕೊಟ್ಟು ನಾನು ತೆಗೆದುಕೊಳ್ಳುವುದೇ? "ಬೇಡಕ್ಕ, ನಂಗೆ ಭಯ" ಎಂದುಬಿಡುತ್ತಿದ್ದೆ. ಇದನ್ನು ಅತ್ತೆ ನಂಬಿದರು, ಮಾವ ನಂಬಿದರು, ಊರೆಲ್ಲ ನಂಬಿತು. "ಚಿಕ್ಕವಳಿಗೆ ಗ್ಯಾಸ್ ಕಂಡ್ರೆ ಭಯ" ಎನ್ನುವುದು ನನ್ನ ಹೆಸರಿನ ಪಕ್ಕದಲ್ಲಿ ಅಂಟಿಕೊಂಡಿತು. ಒಂದು ಸಲ ತವರಿಗೆ ಹೋದಾಗ ನಮ್ಮ ಅಮ್ಮನೂ ನನ್ನ ತಲೆ ಸವರಿ, "ಗ್ಯಾಸಿಗೆ ಹೆದ್ರುತೀಯಂತಲ್ಲೇ" ಎಂದಳು.

ಇನ್ನು ನಮ್ಮ ಮನೆಯವರ ವಿಷಯ. ಅವರಿಗೆ ಸುಟ್ಟ ಬದನೆಕಾಯಿ ಗೊಜ್ಜು ಎಂದರೆ ಪ್ರಾಣ. ಅಕ್ಕ ಗುಂಡು ಬದನೆಕಾಯಿಗೆ ಎಣ್ಣೆ ಸವರಿ ಸುಡೋ ಗೂಡಿನಲ್ಲಿ ಇಡುತ್ತಿದ್ದರು. ಸಿಪ್ಪೆ ಬಿರಿದು, ಒಳಗೆ ಬೆಣ್ಣೆಯಾದ ಮೇಲೆ ತೆಗೆದು, ಹಸಿ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಹುಣಸೆರಸ, ಇಂಗಿನ ಒಗ್ಗರಣೆ. ಅವತ್ತು ನಮ್ಮ ಮನೆಯವರು ಮುದ್ದೆಯ ಮೇಲೆ ಮುದ್ದೆ ಉಣ್ಣುತ್ತಿದ್ದರು. "ಅತ್ತಿಗೆ ಕೈಲಿ ಏನೋ ಅದೆ" ಎನ್ನುತ್ತಿದ್ದರು. ಕೈಯಲ್ಲೇನಿದೆ, ಒಲೆಯಲ್ಲಿದೆ ಎಂದು ನಾನು ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಆ ಒಲೆ ನನಗೆ ಸಿಕ್ಕಿದ್ದರೆ ನಾನೇನು ಕಮ್ಮಿ ಮಾಡುತ್ತಿದ್ದೆನೇ? ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಾನು ಅಷ್ಟು ವರ್ಷ ಊದಿದ್ದು. ಅವರು ಹೊಗಳುತ್ತಾ ಉಣ್ಣುತ್ತಿದ್ದ ಮುದ್ದೆ ಯಾರು ತಿರುವಿದ್ದು ಎಂದು ಒಂದು ದಿನವೂ ಕೇಳಲಿಲ್ಲ ಎನ್ನುವುದೂ ನೆನಪಿದೆ.

ಆ ಒಲೆ ಕೆಟ್ಟ ಕಥೆಯನ್ನು ಹೇಳಬೇಕು. ಒಂದು ಮುಂಗಾರಿನಲ್ಲಿ ಮೋಡ ಮುಚ್ಚಿಕೊಂಡಿದ್ದು ತೆರೆಯಲೇ ಇಲ್ಲ. ಜಡಿಮಳೆಗೆ ನನ್ನ ಮಟ್ಟೆ, ಸೋಗೆ ಎಲ್ಲ ಒದ್ದೆ. ಒಲೆ ಹೊತ್ತುವುದೇ ದುಸ್ತರ. ಮಾವ ದಿನವೂ ಏಣಿ ಹತ್ತಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇಳಿದು ಬಂದು ಪೆಚ್ಚಾಗಿ ಕೂರುತ್ತಿದ್ದರು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಎದ್ದು, "ಆ ಸುಡೋ ಗೂಡು ತಂದು ಅಟ್ಟದ ಕೆಳೀಕ್ ಇಡ್ರಲಾ" ಎಂದು ತೋಟದ ಆಳುಗಳಿಗೆ ಹೇಳಿದರು. ಇಟ್ಟರು. ಹಚ್ಚಿದರು. ಮಾವ ತಲೆ ಎತ್ತಿ ಅಟ್ಟ ನೋಡಿದರು, ಬಗ್ಗಿ ಒಲೆ ನೋಡಿದರು.

"ಇದ್ರಾಗೆ ಹೊಗೇನೇ ಇಲ್ವಲ್ಲಲಾ!"

"ಗ್ಯಾಸ್ ಅಲ್ವಾ ಮಾವ, ಹೊಗೆ ಬರಲ್ಲ" ಎಂದರು ಅಕ್ಕ.

"ಬರ್ದಿದ್ರೆ ಬರ್ಸಾನ" ಎಂದರು ಮಾವ.

ಗ್ರಿಲ್ಲಿನ ತಟ್ಟೆಯ ತುಂಬ ಚಿಪ್ಪು ಪೇರಿಸಿದರು. ನಮ್ಮ ಸೀಮೆಯವರಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಮೇಲಿನಿಂದ ಗ್ಯಾಸಿನ ಉರಿ ಬಡಿದು ಚಿಪ್ಪು ಹೊತ್ತಿಕೊಂಡಿತು. ಹೊಗೆ ಬಂತು ನೋಡಿ, ಮಾವನ ಮುಖದಲ್ಲಿ ಎಂಥ ತೃಪ್ತಿ! ಚಿಪ್ಪಿನ ಕಪ್ಪು ಎಣ್ಣೆ ಕರಗಿ ತೊಟ್ಟಿಕ್ಕಿ, ಉರಿಯ ತೂತುಗಳಲ್ಲೆಲ್ಲ ಮೆತ್ತಿಕೊಂಡಿತು. ಹಾಲಿನ ಬಣ್ಣದ ಪಿಂಗಾಣಿ ಪಟಪಟ ಎಂದು ಸಿಡಿಯಿತು. ನೇರ ಮೇಲಿದ್ದ ಕಾಯಿಗಳ ಕೊಬ್ಬರಿಗೆ ಕರಕಲು ವಾಸನೆ ಬಂದು, ಅವನ್ನು ಎಣ್ಣೆಗೆ ಹಾಕಬೇಕಾಯಿತು. ಒಲೆಯಂತೂ ಅಲ್ಲಿಗೆ ಮುಗಿಯಿತು.

ಸರೋಜಕ್ಕ ಅತ್ತರು. ಸದ್ದಿಲ್ಲದೆ, ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತರು. ಆ ಅಳುವಿಗೆ ಮನೆಯೆಲ್ಲ ಎದ್ದು ನಿಂತಿತು. ಅತ್ತೆ ಬೆನ್ನು ಸವರಿದರು. ಭಾವ ಅದೇ ಮಳೆಯಲ್ಲಿ ತಿಪಟೂರಿಗೆ ಹೋಗಿ ಮಲ್ಲಿಗೆ, ಮೈಸೂರುಪಾಕು ತಂದರು. ಯಾರಿಗೂ ತಪ್ಪಾಯಿತು ಎಂದವರಲ್ಲದ ಮಾವ, "ಹೋಗ್ಲಿ ಬುಡವ್ವ, ಬೇರೆ ತರ್ಸಾನ" ಎಂದರು. ನಮ್ಮ ಮನೆಯವರು ಮಂಕಾಗಿ ಊಟ ಬಿಟ್ಟರು. ನಾನು ಅದೇ ಅಡುಗೆಮನೆಯಲ್ಲಿ, ಆ ಒದ್ದೆ ಮಟ್ಟೆಯ ಹೊಗೆಯಲ್ಲಿ, ಕಣ್ಣು ಮೂಗು ಸುರಿಸುತ್ತಾ ಎಲ್ಲರಿಗೂ ಕಾಫಿ ಕಾಯಿಸುತ್ತಿದ್ದೆ. ನನ್ನ ಕಣ್ಣಲ್ಲಿ ದಿನವೂ ನೀರು ಬರುತ್ತಿತ್ತು. ಅದನ್ನು ಅಳು ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವತ್ತು ನನಗೆ ಆ ಒಲೆಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಅಕ್ಕನ ಅಳುವಿನ ಮೇಲೆ ತಿರುಗಿತು.

ಆಮೇಲೆ ಭಾವ ತುರುವೇಕೆರೆಯಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟರು. ಮನೆ ಪಾಲಾಯಿತು. ಅಕ್ಕ ಅಲ್ಲಿಗೆ ಹೋದರು. ಸತ್ತ ಒಲೆ ಇಲ್ಲೇ ಉಳಿದು ಶೆಡ್ಡು ಸೇರಿತು. ಅದರ ಮೇಲೆ ನಮ್ಮ ಮನೆಯವರು ವರ್ಷಾನುಗಟ್ಟಲೆ ಯೂರಿಯಾ ಚೀಲ ಪೇರಿಸಿದರು. ಉಪ್ಪುಗೊಬ್ಬರ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ನೋಡಬೇಕಾದರೆ ನಮ್ಮ ಜಗಲಿಗೆ ಬರಬೇಕಿತ್ತು. ಅಷ್ಟು ಪ್ರೀತಿಯ ಅತ್ತಿಗೆಯ ಒಲೆಯ ಮೇಲೆ ಗೊಬ್ಬರ ಹೇರಿದ್ದು ಯಾರು ಎಂದು ಕೇಳಿದೆ. ಅವರು ಕನ್ನಡಕ ಹುಡುಕಲು ಹೋದರು.

ಈಗ ಮಾಡಿಸುವುದೋ, ಗುಜರಿಗೆ ಹಾಕುವುದೋ? ನನ್ನ ಮನೆಯಲ್ಲೂ ಈಗ ಗ್ಯಾಸ್ ಇದೆ, ಫಳಫಳ ಹೊಳೆಯುವ ಸ್ಟೀಲಿನ ಒಲೆ ಇದೆ. ಇದು ಬೇಕಾಗಿಲ್ಲ. ಆದರೂ ಅವರು ತೋಟಕ್ಕೆ ಹೋದ ಹೊತ್ತಿನಲ್ಲಿ ನಾನು ಒಂದು ತಿರುಗಣೆಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ನೋಡಿದೆ. ಹೊಳೆಯದಿದ್ದರೆ ಗುಜರಿಗೆ ಹಾಕಲು ಒಂದು ನೆಪ ಸಿಗುತ್ತಿತ್ತು. ಹಾಳಾದ್ದು, ಬಂಗಾರದಂತೆ ಹೊಳೆಯಿತು. ನನಗೆ ಸಿಟ್ಟು ಬಂದು ಅದನ್ನು ಹಾಗೇ ಬಿಟ್ಟೆ. ಸಾಯಂಕಾಲ ಬಂದ ಇವರು ಅದನ್ನು ನೋಡಿ, "ನೋಡ್ದಾ, ನಾ ಹೇಳ್ಲಿಲ್ವಾ?" ಎಂದರು.

ಮರುದಿನ ತಿಪಟೂರಿನಿಂದ ಸ್ಟೌ ರಿಪೇರಿಯವನನ್ನು ಕರೆತಂದರು. ಅವನು ಒಲೆಯನ್ನು ಸುತ್ತು ಹಾಕಿ ನೋಡಿ, "ಸಾರ್, ಇದ್ರ ಜಾಗದಲ್ಲಿ ಹೊಸಾದು ತಗಳಿ. ನಮ್ಮಂಗ್ಡೀಲೇ ಅವೆ" ಎಂದ. ನಮ್ಮ ಮನೆಯವರು ಒಪ್ಪಲಿಲ್ಲ. ಹಾಗಾದರೆ ಗ್ರಿಲ್ಲನ್ನು ಹೊಸದಾಗಿ ಮಾಡಿಸಬೇಕು, ಅದಕ್ಕೆ ತುಮಕೂರಿಗೆ ಕಳಿಸಬೇಕು, ಆಗುತ್ತದೋ ಇಲ್ಲವೋ ಹೇಳಲಾಗದು ಎಂದ. ಈ ಕಾಯಿಲೆಗೆ ದೊಡ್ಡಾಸ್ಪತ್ರೆಗೇ ಹೋಗಬೇಕು ಎನ್ನುವ ಡಾಕ್ಟರರ ಮುಖ ಮಾಡಿಕೊಂಡು, ಕಾಫಿ ಕುಡಿದು ಹೋದ.

ಇಷ್ಟರಲ್ಲಿ ಸುದ್ದಿ ತುರುವೇಕೆರೆಗೆ ತಲುಪಿತ್ತು. ಯಾರು ತಲುಪಿಸಿದರು ಎಂದು ಬೇರೆ ಹೇಳಬೇಕೇ? ಅಕ್ಕ ಫೋನು ಮಾಡಿದರು.

"ಜಯಾ, ಆ ಒಲೆ ಇನ್ನೂ ಅದಂತಲ್ಲೇ! ನಿಂಗೆ ಬೇಡ ಅಂದ್ರೆ ನಂಗೆ ಕೊಡೇ. ತುಮಕೂರಲ್ಲಿ ನನ್ ಮಗಳು ಅದ್ನ ಸರಿ ಮಾಡ್ಸಿ ಟೆರೇಸ್ ಮೇಲೆ ಇಟ್ಕತಾಳಂತೆ. ಈಗ ಅಂಥವೇ ಫ್ಯಾಷನ್ ಅಂತೆ."

"ನೋಡಾನ ಅಕ್ಕ, ಇವ್ರು ಇಲ್ಲೇ ಮಾಡಿಸ್ಬೇಕು ಅಂತಾವ್ರೆ" ಎಂದೆ. ಹಾಗೆ ಹೇಳುವವರೆಗೂ ಅದನ್ನು ಗುಜರಿಗೆ ಹಾಕಬೇಕೆಂದೇ ಇದ್ದವಳು ನಾನು. ಅಕ್ಕನಿಗೆ ಬೇಕು ಎಂದ ಕೂಡಲೇ ನನಗೂ ಬೇಕಾಯಿತು. ತುಮಕೂರಿನ ಟೆರೇಸಿನ ಮೇಲೆ ಅದು ಹೊಳೆಯುತ್ತಾ ನಿಂತಿರುವುದನ್ನು ನೆನೆದರೆ ನನಗೆ ಅನ್ನ ಸೇರಲಿಲ್ಲ. ಮಾಡಿಸಿ ನಾನೇ ಇಟ್ಟುಕೊಂಡರೆ? ಅದರಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿ ಇವರಿಗೆ ಬಡಿಸಬಹುದು. ಒಲೆಯದೋ ಕೈಯದೋ ಒಂದು ಸಲ ಗೊತ್ತಾಗಿಬಿಡಲಿ. ಆದರೆ ಬಡಿಸಿದ ಮೇಲೆ ಇವರು, "ಥೇಟ್ ಅತ್ತಿಗೆ ಮಾಡಿದಂಗೇ ಅದೆ" ಎಂದರೆ? ಅದಕ್ಕಿಂತ ಗುಜರಿಯೇ ವಾಸಿ. ಹೀಗೆ ಬೆಳಿಗ್ಗೆ ಮಾಡಿಸುವುದು, ಮಧ್ಯಾಹ್ನ ಎಸೆಯುವುದು ಎಂದು ತೀರ್ಮಾನ ಮಾಡುತ್ತಾ ಇದ್ದೆ. ಒಲೆ ಜಗಲಿಯಲ್ಲಿ ಒಂದು ಕಣ್ಣು ಹೊಳೆಯಿಸುತ್ತಾ ಕೂತಿತ್ತು.

ನೋಡೋಣ ಎಂದಿದ್ದನ್ನು ಅಕ್ಕ ನೋಡಲು ಬಾ ಎಂದು ತಿಳಿದುಕೊಂಡರೋ ಏನೋ, ಭಾನುವಾರ ಕಾರು ಮಾಡಿಕೊಂಡು ಬಂದೇಬಿಟ್ಟರು. ತಲೆ ಪೂರ್ತಿ ನೆರೆತಿದೆ, ಸೀರೆ ಮಾತ್ರ ಇವತ್ತಿಗೂ ಇಸ್ತ್ರಿಯದು. ಜಗಲಿಯಲ್ಲಿ ಬಗ್ಗಿ ಒಲೆಯ ಮೈ ಮುಟ್ಟಿ, "ಹಾಳಾಗೋಗದಲ್ಲೇ" ಎಂದರು. ಉಜ್ಜಿದ ತಿರುಗಣೆಯ ಮೇಲೆ ಬೆರಳಾಡಿಸಿ, "ಇದ್ಯಾರು ಬೆಳಗಿದ್ದು?" ಎಂದರು. ನಾನು ಎಳನೀರು ತರಲು ಒಳಗೆ ಹೋದೆ.

ನಮ್ಮ ಮನೆಯವರು ಸಂತೆಯಿಂದ ಗುಂಡು ಬದನೆಕಾಯಿಯನ್ನು ಮೊದಲೇ ತಂದಿಟ್ಟಿದ್ದರು. "ಅತ್ತಿಗೆ, ನಿಮ್ ಕೈ ಗೊಜ್ಜು ತಿಂದು ಎಷ್ಟ್ ವರ್ಷ ಆಯ್ತು" ಎಂದು ಹಲ್ಲುಕಿರಿದರು. ಬಂದವರ ಕೈಲಿ ಅಡುಗೆ ಮಾಡಿಸುತ್ತೀರಾ ಎಂದು ನಾನು ಕಣ್ಣು ಬಿಟ್ಟರೂ ಪ್ರಯೋಜನವಾಗಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದರು. ನನ್ನ ಸ್ಟೀಲಿನ ಒಲೆಯ ಕಡೆ ನೋಡಲೂ ಇಲ್ಲ. ಅಟ್ಟದ ಕೆಳಗೆ ಸೌದೆ ಒಲೆ ಹೊಗೆಯುತ್ತಿತ್ತು. ಮಾವ ಹೋಗಿ ಎಷ್ಟು ವರ್ಷವಾದರೂ ಅವರ ತೀರ್ಪು ಹೋಗಿಲ್ಲ. ಅವರ ಮಗನಾದ ನಮ್ಮ ಮನೆಯವರೂ ಈಗ ಬಂದು, "ಒಂದೆರಡು ಹಸೀ ಮಟ್ಟೆ ಇಕ್ಕು" ಎಂದೇ ಹೇಳುವುದು.

"ಇದ್ರಲ್ಲೇ ಸುಡಾನ ಬಾ" ಎಂದು ಅಕ್ಕ ನನ್ನ ಮಣೆಯ ಮೇಲೆ ಕೂತರು. ಆ ಮಣೆಯ ಮೇಲೆ ನಾನಲ್ಲದೆ ಬೇರೆ ಯಾರೂ ಕೂತದ್ದನ್ನು ನಾನು ನೋಡಿರಲಿಲ್ಲ. ಬದನೆಕಾಯಿಗೆ ಎಣ್ಣೆ ಸವರಿ, ಕೆಂಡ ಕೆದಕಿ, ಅದರ ಮೇಲೆ ಇಟ್ಟು, ತಿರುಗಿಸಿ ತಿರುಗಿಸಿ ಸುಟ್ಟರು. ಆ ಕೈ ಆಡುವುದನ್ನು ನೋಡಿಯೇ ನನಗೆ ಗೊತ್ತಾಗಿಹೋಯಿತು. ಗೊಜ್ಜು ಹೇಗಿರುತ್ತದೆ ಎಂದು ತಿನ್ನುವುದಕ್ಕೆ ಮೊದಲೇ ಗೊತ್ತಾಯಿತು. ಇಷ್ಟು ವರ್ಷ ಆ ರುಚಿಯನ್ನೆಲ್ಲ ಒಲೆಯ ಮೇಲೆ ಹೊರಿಸಿದ್ದೆನಲ್ಲ, ಅದು ಒಲೆಯಲ್ಲಿ ಇರಲೇ ಇಲ್ಲ. ನನ್ನ ಒಲೆಯಲ್ಲಿ, ನನ್ನ ಮಣೆಯ ಮೇಲೆ ಕೂತು ಆಕೆ ಮಾಡುತ್ತಿದ್ದಾರೆ. ಇನ್ನು ನಾನು ಯಾವುದರ ಮೇಲೆ ಹೊರಿಸಲಿ? ಆ ಹೊತ್ತಿಗೆ ನನಗಾದ ಹೊಟ್ಟೆಯುರಿ ಹಿಂದೆಂದೂ ಆಗಿರಲಿಲ್ಲ.

ಆಗ ಹಸಿ ಮಟ್ಟೆ ಒಮ್ಮೆಲೇ ಗುಪ್ಪೆಂದು ಹೊಗೆ ಬಿಟ್ಟಿತು. ಅಕ್ಕನಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಧಾರೆ. ಕೆಮ್ಮು ಕೇಳಿದ್ದೇ ತಡ, ನಡುಮನೆಯಲ್ಲಿದ್ದ ನಮ್ಮ ಮನೆಯವರು ಚೊಂಬಲ್ಲಿ ನೀರು ಹಿಡಿದು ಓಡಿಬಂದರು.

"ಅತ್ತಿಗೆ, ಹೊಗೆ, ಹೊಗೆ! ಈಚೆ ಬನ್ನಿ, ಈಚೆ ಬನ್ನಿ!"

ನೋಡಿದಿರಾ? ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ಬ್ರೆಡ್ಡು ತಿನ್ನುವ ತಂಗಿಯನ್ನು ನೋಡುತ್ತಾ ನಿಂತ ಹಾಗೆಯೇ.

ಅಕ್ಕ ಏಳಲಿಲ್ಲ. ಚೊಂಬನ್ನೂ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೇಲಿನ ಅಟ್ಟ ನೋಡಿ, ಕಪ್ಪು ಹಿಡಿದ ಗೋಡೆ ನೋಡಿ, ಆಮೇಲೆ ಅವರನ್ನು ನೋಡಿದರು.

"ಅಲ್ಲ ಕಣಪ್ಪ ರಾಜಣ್ಣ, ನಾನು ಒಂದ್ ಗಳಿಗೆ ಕೂತಿದ್ಕೆ ನೀರ್ ಹಿಡ್ಕಂಡು ಓಡಿಬಂದೆ. ಇವಳು ಬಂದಾಗಿಂದ ಇಲ್ಲೇ ಕೂತವ್ಳಲ್ಲ, ಇವಳಿಗೆ ಒಂದ್ ದಿನಾನಾದ್ರೂ ಈಚೆ ಬಾ ಅಂದಿದ್ದೀಯೇನಪ್ಪ?"

ಅವರು ಚೊಂಬು ಹಿಡಿದು ನಿಂತೇ ಇದ್ದರು. ನನ್ನ ಕಡೆ ನೋಡಿದರು, ಚೊಂಬಿನ ಕಡೆ ನೋಡಿದರು. ಯಾರಿಗೆ ಕೊಡಬೇಕೆಂದು ತಿಳಿಯದೆ ಅದನ್ನು ನಿಧಾನವಾಗಿ ನೆಲದ ಮೇಲಿಟ್ಟು ಹೊರಗೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಎನ್ನಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಹೊಗೆ ಕಮ್ಮಿಯಾಗಿತ್ತು. ಅಕ್ಕ ಬದನೆಕಾಯಿಯ ಸಿಪ್ಪೆ ಸುಲಿಯುತ್ತಾ, "ಕಾಯಿ ತುರ್ದುಕೊಡು ಬಾ" ಎಂದರು. ಅಷ್ಟು ವರ್ಷದಲ್ಲಿ ನನ್ನ ಕಣ್ಣ ನೀರನ್ನು ಲೆಕ್ಕಕ್ಕೆ ಹಿಡಿದವರು ಅವರೊಬ್ಬರೇ. ಹಿಡಿದವರು ಅವರೇ ಆಗಬೇಕಾಗಿತ್ತೇ ಎಂದು ಒಂದು ಕಡೆ ಮತ್ತೆ ಹೊಟ್ಟೆಕಿಚ್ಚು.

ಗೊಜ್ಜು ಹೇಗಿತ್ತು ಎಂದು ಕೇಳಬೇಡಿ. ನಾನೇ ಎರಡು ಸಲ ಹಾಕಿಸಿಕೊಂಡೆ. ನಮ್ಮ ಮನೆಯವರು ತಲೆ ಬಗ್ಗಿಸಿ ಉಂಡರು. ಅತ್ತಿಗೆಯ ಕೈಯ ಮಾತೇ ಬರಲಿಲ್ಲ. ಎದ್ದು ಕೈ ತೊಳೆಯುವಾಗ ಮೆಲ್ಲಗೆ, "ಮುದ್ದೆ ಹದವಾಗಿತ್ತು ಕಣೆ" ಎಂದರು.

ಸಂಜೆ ಅಕ್ಕ ಹೊರಟಾಗ ನಾನೇ ಹೇಳಿದೆ. "ಅಕ್ಕ, ಒಲೆ ತಗಂಡೋಗಿ. ಮಗಳು ಸರಿ ಮಾಡಿಸ್ಕಳ್ಳಿ." ಅಷ್ಟು ಸಲೀಸಾಗಿ ಹೇಳಿಬಿಟ್ಟೆ. ನನಗೇ ಆಶ್ಚರ್ಯ. ಡ್ರೈವರೂ ನಮ್ಮ ಮನೆಯವರೂ ಸೇರಿ ಅದನ್ನು ಡಿಕ್ಕಿಗೆ ಹಾಕಿದರು. ಇಲಿಗೂಡಿನ ಹುಲ್ಲು ಜಗಲಿಯ ಮೇಲೆ ಉದುರಿತು. ಗುಡಿಸಿದೆ.

ನಾನು ಸುಧಾರಿಸಿದೆ ಎಂದುಕೊಳ್ಳುವ ಮೊದಲು ಇನ್ನೊಂದು ಮಾತು. ಮೊನ್ನೆ ಫೋನಿಗೆ ಫೋಟೊ ಬಂತು. ತುಮಕೂರಿನ ಟೆರೇಸಿನ ಮೇಲೆ ಒಲೆ ನಿಂತಿದೆ. ತುಕ್ಕೆಲ್ಲ ಕೆರೆಸಿ, ಹಾಲಿನ ಬಣ್ಣ ಬಳಿಸಿ, ಎಲ್ಲ ತಿರುಗಣೆಗಳನ್ನೂ ಬೆಳಗಿಸಿದ್ದಾರೆ. ಪಕ್ಕದಲ್ಲಿ ಅಕ್ಕ ಇಸ್ತ್ರಿ ಸೀರೆಯಲ್ಲಿ ನಗುತ್ತಿದ್ದಾರೆ. ನೋಡಿದ ಕೂಡಲೇ ಹೊಟ್ಟೆಯ ಹಳೆಯ ಜಾಗದಲ್ಲೇ ಚುರುಕ್ ಎಂದಿತು. ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ, ಎಲ್ಲಾದರೂ ತುಕ್ಕು ಉಳಿದಿದೆಯೇ ಎಂದು ಮೂಲೆಮೂಲೆ ಹುಡುಕಿದೆ. ಉಳಿದಿರಲಿಲ್ಲ.

ಫೋನು ಕೆಳಗಿಟ್ಟು ಮಣೆಯ ಮೇಲೆ ಕೂತು ಒಲೆಗೆ ಮಟ್ಟೆ ಇಕ್ಕಿದೆ. ನಡುಮನೆಯಿಂದ ಕೆಮ್ಮಿದ ಸದ್ದಾಯಿತು. ಆ ಭಾನುವಾರದಿಂದ ಇದೊಂದು ಹೊಸ ಅಭ್ಯಾಸ ಶುರುವಾಗಿದೆ. ಹೊಗೆ ಇರಲಿ ಇಲ್ಲದಿರಲಿ, ನಾನು ಒಲೆಯ ಮುಂದೆ ಕೂತರೆ ಸಾಕು, ನಮ್ಮ ಮನೆಯವರು ಅಡುಗೆಮನೆಯ ಬಾಗಿಲ ತನಕ ಬರುತ್ತಾರೆ. ಒಳಗೆ ಬರಲು ಸಂಕೋಚ. ಹೊಸ್ತಿಲ ಆಚೆ ನಿಂತು, ಗೋಡೆ ನೋಡುತ್ತಾ, ಬೇರೆ ಯಾರಿಗೋ ಹೇಳುವವರಂತೆ ಹೇಳುತ್ತಾರೆ.

"ಹೊಗೆ ಕಣೆ. ಈಚೆ ಬಾ."

ನನಗೆ ಚೆನ್ನಾಗಿ ಕೇಳಿಸುತ್ತದೆ. ಆದರೂ ಕೇಳಿಸದವಳ ಹಾಗೆ ಊದುಕೊಳವೆ ಎತ್ತಿಕೊಂಡು ಕೂತಿರುತ್ತೇನೆ, ಇನ್ನೊಂದು ಸಲ ಅನ್ನಲಿ ಎಂದು.